ಅನ್ನನಾಳದ ಕ್ಯಾನ್ಸರ್: ಎದೆ ತೆರೆದು ಮಾಡಿಸುವುದಾ, ಕೀಹೋಲಾ, ರೋಬೋಟಾ? ಅನುಭವ ಇದ್ದವರು ಹೇಳಿ

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ, ಶಿರಸಿ ಕಡೆ ಅಡಿಕೆ ತೋಟ. ಮಳೆಗಾಲದ ಕೊನೆಗೆ ದೋಸೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನತೊಡಗಿದರು. ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ಸ್ವಲ್ಪ ಕಾಲ ಹೋಯಿತು. ಅನ್ನವೂ ಇಳಿಯದೆ ಗಂಜಿಗೆ ಬಂದಾಗ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದ ಮಧ್ಯದಲ್ಲಿ ಗಡ್ಡೆ, ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಅಂದರೆ ಒಳಪದರದ ಚಪ್ಪಟೆ ಕಣಗಳದ್ದು. ಪೆಟ್ ಸ್ಕ್ಯಾನ್ ಪ್ರಕಾರ ಬೇರೆ ಕಡೆ ಹರಡಿಲ್ಲ. ಕೀಮೋ, ರೇಡಿಯೇಷನ್ ಎರಡೂ ಒಟ್ಟಿಗೆ ಕೊಟ್ಟು ಮುಗಿಸಿದರು. ಈಗ ಆಪರೇಷನ್ ಅಂತೆ.

ಮೂರು ಕಡೆ ತೋರಿಸಿದೆವು. ಒಬ್ಬ ಸರ್ಜನ್ ಎದೆ ತೆರೆದೇ ಮಾಡುತ್ತೇನೆ, ಕೈಗೆ ಸಿಗಬೇಕು ಅಂದರು. ಇನ್ನೊಬ್ಬರು ಈಗ ಯಾರ್ರೀ ಎದೆ ತೆರೆಯುತ್ತಾರೆ, ಪೂರ್ತಿ ಕೀಹೋಲ್, ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ ಮಾಡುವುದು ಅಂದರು. ಮೂರನೇ ಕಡೆ ಡಾಕ್ಟರ್ ಸಿಗುವ ಮುಂಚೆಯೇ ಕೌಂಟರ್‌ನಲ್ಲಿ ರೋಬೋಟ್‌ನ ಬಣ್ಣದ ಪುಸ್ತಿಕೆ ಕೈಗಿಟ್ಟರು, ಎರಡು ಲಕ್ಷದ ಮೇಲೆ ಜಾಸ್ತಿ. ಬಸ್ಸಲ್ಲಿ ಬರುವಾಗ ಅಪ್ಪ, "ತೂತು ಸಣ್ಣದಾದರೆ ದುಡ್ಡು ಯಾಕೋ ದೊಡ್ಡದು?" ಅಂದರು. ನಿಮ್ಮಲ್ಲಿ ಯಾರಾದರೂ ಈ ದಾರಿ ನೋಡಿದ್ದೀರಾ?

ರಾಗಿಮುದ್ದೆ:
ಅಪ್ಪ ಸರಿಯಾಗೇ ಕೇಳಿದ್ದಾರೆ. ನಮ್ಮ ಅತ್ತೆಗೆ ಕೀಹೋಲ್‌ನಲ್ಲೇ ಆಯಿತು. ಒಂದು ಮಾತು ಮೊದಲೇ ತಲೆಗೆ ಹಾಕಿಕೊಳ್ಳಿ: ಹೊರಗಿನ ಗಾಯ ಸಣ್ಣದು, ಒಳಗಿನ ಆಪರೇಷನ್ ಸಣ್ಣದಲ್ಲ. ನಾವು ಪಿತ್ತಕೋಶದ ಕಲ್ಲು ತೆಗೆಸಿದ ಹಾಗೆ ಎರಡು ದಿನಕ್ಕೆ ಮನೆಗೆ ಅಂದುಕೊಂಡು ಹೋಗಿದ್ದೆವು. ಬೆಳಿಗ್ಗೆ ಒಳಗೆ ಹೋದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದರು. ಆಮೇಲೆ ಐಸಿಯು. ನೋವು ಮಾತ್ರ ನಾವು ಹೆದರಿದಷ್ಟು ಇರಲಿಲ್ಲ, ಮರುದಿನವೇ ಕುರ್ಚಿಯಲ್ಲಿ ಕೂರಿಸಿದರು.

ಸುಮ್ನೆಓದುಗ:
ಅಪ್ಪ ಬೇಗ ಗುಣ ಆಗಲಿ. ಗೊತ್ತಿಲ್ಲದೆ ಕೇಳುತ್ತಿದ್ದೇನೆ, ಅನ್ನನಾಳವನ್ನೇ ತೆಗೆದರೆ ಊಟ ಎಲ್ಲಿ ಇಳಿಯುತ್ತದೆ?

ಕತ್ತರಿಕೈ:
ಹೊಟ್ಟೆಯ ಶಸ್ತ್ರಚಿಕಿತ್ಸೆಯವನು ನಾನು, ಅನ್ನನಾಳವೇ ನನ್ನ ದಿನನಿತ್ಯದ ಕೆಲಸ ಅಲ್ಲ, ಆದರೆ ಆ ತಂಡದಲ್ಲಿ ಕೆಲಸ ಕಲಿತವನು. ಯಾವ ಆಸ್ಪತ್ರೆಯ ಪರವಾಗಿಯೂ ಮಾತಾಡುವುದಿಲ್ಲ.

ಮಧ್ಯಭಾಗದ ಗಡ್ಡೆಗೆ ಸಾಮಾನ್ಯವಾಗಿ ಮೂರು ಕಡೆ ಕೆಲಸ. ಮೊದಲು ಬಲ ಎದೆಯ ಕಡೆಯಿಂದ ಹೋಗಿ ಅನ್ನನಾಳವನ್ನು ಶ್ವಾಸನಾಳ, ಮಹಾಪಧಮನಿಗಳಿಂದ ಬಿಡಿಸುತ್ತಾರೆ, ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಆಮೇಲೆ ಹೊಟ್ಟೆಯ ಕಡೆಯಿಂದ ಜಠರವನ್ನು ಸಡಿಲಿಸಿ, ಸ್ಟೇಪ್ಲರ್‌ನಿಂದ ಕತ್ತರಿಸಿ ಉದ್ದನೆಯ ಕೊಳವೆ ಮಾಡುತ್ತಾರೆ. ಕೊನೆಗೆ ಕುತ್ತಿಗೆಯ ಎಡಬದಿಯಲ್ಲಿ ಸಣ್ಣ ಗಾಯ ಮಾಡಿ, ಆ ಕೊಳವೆಯನ್ನು ಎದೆಯ ಮೂಲಕ ಮೇಲಕ್ಕೆ ಎಳೆದು ಉಳಿದ ಅನ್ನನಾಳದ ತುದಿಗೆ ಹೊಲಿಯುತ್ತಾರೆ. ಇದಕ್ಕೆ ಮೆಕ್‌ಕ್ಯೂನ್ ವಿಧಾನ ಅನ್ನುತ್ತಾರೆ. ಗಡ್ಡೆ ಕೆಳಗಿದ್ದರೆ ಹೊಟ್ಟೆ, ಎದೆ ಎರಡೇ ಕಡೆ, ಜೋಡಣೆ ಎದೆಯೊಳಗೆ. ಅದು ಐವರ್ ಲೂಯಿಸ್ ವಿಧಾನ, 1946ರಿಂದ ಇದೆ. ಎರಡರಲ್ಲೂ ಜಠರವೇ ಹೊಸ ಅನ್ನನಾಳ ಆಗುತ್ತದೆ. ಊಟ ಅದರಲ್ಲೇ ಇಳಿಯುತ್ತದೆ.

ಎದೆ ತೆರೆದು ಮಾಡಿದರೂ, ಕೀಹೋಲ್ ಮಾಡಿದರೂ, ಸರ್ಜನ್ ಕೂತು ನಡೆಸುವ ರೋಬೋಟ್ ಕೈಗಳನ್ನು ತಂದರೂ ಒಳಗೆ ನಡೆಯುವುದು ಇದೇ. ಬದಲಾಗುವುದು ಒಳಗೆ ಹೋಗುವ ದಾರಿ.

ಸಂಶಯಪ್ಪ:
ದಾರಿ ಮಾತ್ರ ಬದಲಾಗುತ್ತದೆ ಅಂದರೆ ಎರಡು ಲಕ್ಷ ಯಾಕೆ ಕೊಡಬೇಕು? ಮಾರ್ಕೆಟಿಂಗ್ ಅಷ್ಟೇ. ನಮ್ಮ ಕಾಲದಲ್ಲಿ ಎದೆ ಕೊಯ್ದೇ ಮಾಡುತ್ತಿದ್ದರು, ಬದುಕಿದವರು ಬದುಕಿದರು.

ನರ್ಸಮ್ಮ_ಹುಬ್ಳಿ:
ಬದುಕಿದವರು ಬದುಕಿದರು ಸರ್. ಬದುಕದವರು ಈ ಕಟ್ಟೆಗೆ ಬಂದು ಬರೆಯುವುದಿಲ್ಲ, ಅಲ್ವಾ?

ನಾನು ಐಸಿಯುನಲ್ಲಿ ಇಂಥವರನ್ನು ನೋಡಿಕೊಂಡಿದ್ದೇನೆ. ಎದೆ ತೆರೆದಾಗ ಪಕ್ಕೆಲುಬುಗಳನ್ನು ಕಬ್ಬಿಣದ ಸಾಧನ ಇಟ್ಟು ಅಗಲಿಸುತ್ತಾರೆ. ಆ ನೋವು ಎಂಥದ್ದು ಅಂದರೆ ಮನುಷ್ಯ ಕೆಮ್ಮಲು ಹೆದರುತ್ತಾನೆ. ಕೆಮ್ಮದಿದ್ದರೆ ಕಫ ಕೆಳಗೆ ಕೂರುತ್ತದೆ. ಕಫ ಕೂತರೆ ನ್ಯುಮೋನಿಯಾ. ಹೊಲಿಗೆ ಚೆನ್ನಾಗಿದ್ದರೂ ನ್ಯುಮೋನಿಯಾದಿಂದ ವೆಂಟಿಲೇಟರ್‌ಗೆ ಹೋದವರು ಇದ್ದಾರೆ. ಸಣ್ಣ ತೂತಿನಿಂದ ಆಗುವ ದೊಡ್ಡ ಲಾಭ ಅಲ್ಲಿದೆ. ಚರ್ಮದ ಮೇಲಿನ ಗುರುತು ಯಾರಿಗೆ ಬೇಕು, ಶರ್ಟ್ ಹಾಕಿದರೆ ಮುಚ್ಚುತ್ತದೆ.

ಉಟ್ರೆಕ್ಟ್‌ನಿಂದ:
ನರ್ಸಮ್ಮ ಹೇಳಿದ್ದಕ್ಕೆ ಅಂಕಿ ಸಿಗುತ್ತದೆ. 2012ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಬಂದದ್ದು, ಟೈಮ್ ಅಂತ ಆ ಅಧ್ಯಯನದ ಹೆಸರು, ತೆರೆದ ಆಪರೇಷನ್ ಅನ್ನು ಕೀಹೋಲ್ ಜೊತೆ ಹೋಲಿಸಿದ್ದು. ನೆದರ್‌ಲ್ಯಾಂಡ್ಸ್, ಸ್ಪೇನ್, ಇಟಲಿಯ 5 ಆಸ್ಪತ್ರೆಗಳು, 115 ರೋಗಿಗಳು. ಯಾರಿಗೆ ಯಾವ ಆಪರೇಷನ್ ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ. ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ತೆರೆದ ಗುಂಪಿನಲ್ಲಿ 56ರಲ್ಲಿ 16 ಜನಕ್ಕೆ, ಕೀಹೋಲ್ ಗುಂಪಿನಲ್ಲಿ 59ರಲ್ಲಿ 5 ಜನಕ್ಕೆ.

ಆಮೇಲೆ 2019ರಲ್ಲಿ ಫ್ರಾನ್ಸ್‌ನ ಮಿರೋ ಅಧ್ಯಯನ, 207 ಜನ. ಅಲ್ಲಿ ಒಂದು ಗುಂಪಿಗೆ ಎರಡೂ ತೆರೆದು, ಇನ್ನೊಂದಕ್ಕೆ ಹೊಟ್ಟೆ ಭಾಗ ಮಾತ್ರ ಲ್ಯಾಪರೋಸ್ಕೋಪಿ (ಹೊಟ್ಟೆಯ ಕೀಹೋಲ್), ಎದೆ ತೆರೆದೇ ಮಾಡಿದ್ದು. ಅಷ್ಟಕ್ಕೇ ದೊಡ್ಡ ತೊಡಕುಗಳು 64%ನಿಂದ 36%ಗೆ ಇಳಿದವು. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್‌ನವನು. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಬಂದಾಗ ಓದಿ ಓದಿ ಬಾಯಿಪಾಠ ಆಗಿದೆ.

ಸಂಶಯಪ್ಪ:
115 ಜನ ಯಾವ ಲೆಕ್ಕ? ನಮ್ಮ ಬೀದಿಯ ಮದುವೆಗೆ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ. ಅದೂ ಅಲ್ಲದೆ ಯುರೋಪಿನ ಪಳಗಿದ ಸರ್ಜನ್‌ಗಳ ಕೈಯಲ್ಲಿ ಆಗಿದ್ದು. ಇಲ್ಲಿ ಯಾರ ಕೈಯಲ್ಲಿ ಆಗುತ್ತದೆ? ಇನ್ನೊಂದು, ಬೇಗ ಮನೆಗೆ ಹೋಗುವುದು ಸರಿ, ಜಾಸ್ತಿ ದಿನ ಬದುಕುತ್ತಾರಾ? ಅದನ್ನು ಹೇಳಿ.

ಉಟ್ರೆಕ್ಟ್‌ನಿಂದ:
ನ್ಯಾಯವಾದ ಪ್ರಶ್ನೆ. ಟೈಮ್ ಅಧ್ಯಯನದ ಅದೇ ಜನರನ್ನು ಮೂರು ವರ್ಷ ನೋಡಿದಾಗ ಬದುಕುಳಿದ ಪ್ರಮಾಣದಲ್ಲಿ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕೀಹೋಲ್‌ನಿಂದ ಕ್ಯಾನ್ಸರ್ ಹೆಚ್ಚು ಗುಣವಾಯಿತು ಅನ್ನುವ ಹಾಗಿಲ್ಲ, ಕ್ಯಾನ್ಸರ್ ಪೂರ್ತಿ ತೆಗೆಯದೆ ಒಳಗೇ ಉಳಿಯಿತು ಅಂತಲೂ ಇಲ್ಲ. ಸಿಕ್ಕಿದ್ದು ಆಸ್ಪತ್ರೆಯ ಮೊದಲ ವಾರಗಳು.

ಕತ್ತರಿಕೈ:
>> ಇಲ್ಲಿ ಯಾರ ಕೈಯಲ್ಲಿ ಆಗುತ್ತದೆ?

ಸಂಶಯಪ್ಪನವರೇ, ಈ ವಿಷಯದಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದಿಲ್ಲ. ರೋಗಿಯನ್ನು ಬೋರಲು ಮಲಗಿಸಿ ಎದೆಯ ಭಾಗ ಮಾಡುವ ಪದ್ಧತಿ ಇದೆಯಲ್ಲ, ಅದರಲ್ಲಿ ಕೊಯಮತ್ತೂರಿನ ಡಾ. ಪಳನಿವೇಲು ಅವರ ತಂಡ 130 ರೋಗಿಗಳ ಅನುಭವವನ್ನು 2006ರಲ್ಲೇ ಅಮೆರಿಕದ ಜರ್ನಲ್‌ನಲ್ಲಿ ಪ್ರಕಟಿಸಿತ್ತು. ಟೈಮ್ ಅಧ್ಯಯನದಲ್ಲಿ ಯುರೋಪಿನವರು ಎದೆಯ ಭಾಗಕ್ಕೆ ಬಳಸಿದ್ದೂ ಬೋರಲು ಭಂಗಿಯನ್ನೇ.

ಬೋರಲು ಮಲಗಿಸುವುದರಲ್ಲಿ ಒಂದು ಜಾಣತನ ಇದೆ. ಶ್ವಾಸಕೋಶ ತನ್ನ ಭಾರಕ್ಕೇ ಮುಂದಕ್ಕೆ ಜಾರುತ್ತದೆ, ಯಾರೂ ಹಿಡಿದು ಸರಿಸಬೇಕಿಲ್ಲ. ರಕ್ತ ಜಿನುಗಿದರೂ ಕೆಳಗೆ ಹೋಗಿ ನಿಲ್ಲುತ್ತದೆ. ಅನ್ನನಾಳ ಪರದೆಯ ಮೇಲೆ ಮೇಲ್ಗಡೆ ಸ್ವಚ್ಛವಾಗಿ ಕಾಣುತ್ತದೆ. ಮೊದಲ ಸಲ ಆ ಚಿತ್ರ ನೋಡಿದಾಗ ನನಗೆ ತೆರೆದ ಎದೆಯಲ್ಲಿ ಕಾಣದಿದ್ದ ನರಗಳೆಲ್ಲ ಕಂಡವು. ಕ್ಯಾಮೆರಾ ದೊಡ್ಡದು ಮಾಡಿ ತೋರಿಸುತ್ತದಲ್ಲ.

ಸಂಶಯಪ್ಪ:
ಸರಿ, ಒಬ್ಬರು. ಅವರ ಹತ್ತಿರ ಕಲಿತೆ ಅಂತ ಬೋರ್ಡ್ ಹಾಕಿಕೊಂಡವರು ಎಷ್ಟು?

ಕತ್ತರಿಕೈ:
ಅದೇ ನೋಡಿ, ನೀವು ನನ್ನ ಬಾಯಿಂದ ತೆಗೆಸಬೇಕಾದ ಮಾತು. ತೋಟದಮನೆಯವರೇ, ನಿಮ್ಮ ಮೂವರು ಸರ್ಜನ್‌ಗಳನ್ನು ಕೇಳಬೇಕಾದ್ದು ತೂತಿನ ಅಳತೆ ಅಲ್ಲ. ವರ್ಷಕ್ಕೆ ಎಷ್ಟು ಅನ್ನನಾಳ ಮಾಡುತ್ತೀರಿ? ಹೊಟ್ಟೆಯ ಎಲ್ಲ ಆಪರೇಷನ್ ಲೆಕ್ಕ ಬೇಡ, ಅನ್ನನಾಳ ಮಾತ್ರ. ಅಮೆರಿಕದ ಹಳೆಯ ವಿಮಾ ದಾಖಲೆಗಳನ್ನು ಜಾಲಾಡಿ 2002ರಲ್ಲಿ ಒಂದು ವರದಿ ಬಂದಿತ್ತು. ವರ್ಷಕ್ಕೆ ಎರಡಕ್ಕಿಂತ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ಐವರಲ್ಲಿ ಒಬ್ಬರು ಸಾಯುತ್ತಿದ್ದರು. 19ಕ್ಕಿಂತ ಜಾಸ್ತಿ ಮಾಡುವಲ್ಲಿ ನೂರಕ್ಕೆ ಎಂಟರ ಆಸುಪಾಸು. ಈಗ ಎಲ್ಲ ಕಡೆ ಸಾವು ಕಡಿಮೆಯಾಗಿದೆ, ಆದರೆ ಈ ಅಂತರದ ಪಾಠ ಹಾಗೇ ಇದೆ.

ಉಟ್ರೆಕ್ಟ್‌ನಿಂದ:
ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 2011ರಿಂದ ನಿಯಮವೇ ಇದೆ. ವರ್ಷಕ್ಕೆ ಕನಿಷ್ಠ 20 ಅನ್ನನಾಳ ಮಾಡದ ಆಸ್ಪತ್ರೆ ಈ ಆಪರೇಷನ್‌ಗೆ ಕೈ ಹಾಕುವ ಹಾಗಿಲ್ಲ.

ಲೆಕ್ಕಪತ್ರ:
ನಮ್ಮಲ್ಲಿ ಆ ನಿಯಮ ತಂದರೆ ಅರ್ಧ ಬೋರ್ಡ್‌ಗಳು ಇಳಿಯುತ್ತವೆ 😀

ಅಪ್ಪನವರ ದುಡ್ಡಿನ ಪ್ರಶ್ನೆಗೆ ಉತ್ತರ: ಕೀಹೋಲ್‌ನಲ್ಲಿ ಖರ್ಚು ಎಲ್ಲ ಉಪಕರಣದ್ದು. ಜಠರವನ್ನು ಕೊಳವೆ ಮಾಡುವ ಸ್ಟೇಪ್ಲರ್‌ನ ಕಾರ್ಟ್ರಿಡ್ಜ್ ಒಂದು ಸಲ ಒತ್ತಿದರೆ ಮುಗಿಯಿತು, ಇನ್ನೊಂದು ಹಾಕಬೇಕು. ಒಂದು ಆಪರೇಷನ್‌ಗೆ ಹಲವಾರು ಬೇಕು. ರೋಬೋಟ್ ಆದರೆ ಯಂತ್ರದ ಬೆಲೆಯೇ ಕೋಟಿಗಳಲ್ಲಿ. ಅದರ ಕೈಗಳಿಗೆ ಇಷ್ಟೇ ಸಲ ಅಂತ ಎಣಿಕೆ ಇರುತ್ತದೆ. ಎಣಿಕೆ ಮುಗಿದ ಮೇಲೆ ಉಪಕರಣ ಚೆನ್ನಾಗಿದ್ದರೂ ಯಂತ್ರ ಒಪ್ಪುವುದಿಲ್ಲ. ಅದನ್ನೆಲ್ಲ ರೋಗಿಯ ಬಿಲ್ಲಿಗೇ ಹಂಚುತ್ತಾರೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ರೆಫರಲ್ ಚೀಟಿ ವಿಚಾರ ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಖಾಸಗಿ ವಿಮೆ ಇದ್ದರೆ ರೋಬೋಟ್ ಅನ್ನು ಪೂರ್ತಿ ಹೊರಗಿಡುವ ಹಾಗಿಲ್ಲ, ಆದರೆ ಇಷ್ಟೇ ಕೊಡುತ್ತೇವೆ ಅನ್ನುವ ಒಳಮಿತಿ ಹಾಕಿರುತ್ತಾರೆ. ಪಾಲಿಸಿಯ ಸಣ್ಣ ಅಕ್ಷರ ಓದಿ.

ತೋಟದಮನೆ:
ಎಪಿಎಲ್. ತೋಟ ಇದೆಯಲ್ಲ, ಸಾಹುಕಾರರು ಅಂತ ಲೆಕ್ಕ. ಕೊಳೆರೋಗ ಬಂದ ವರ್ಷ ಯಾರೂ ಬಂದು ನೋಡುವುದಿಲ್ಲ.

ರೋಬೋಟ್‌ನಿಂದ ನಿಜವಾಗಿ ಏನಾದರೂ ಹೆಚ್ಚು ಲಾಭ ಇದೆಯಾ ಡಾಕ್ಟ್ರೇ?

ಕತ್ತರಿಕೈ:
ಸರ್ಜನ್‌ಗೆ ಇದೆ. ಎದೆಯ ಮೇಲ್ಭಾಗದಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ನರ ಎರಡೂ ಬದಿ ಇರುತ್ತದೆ, ಅದಕ್ಕೆ ಪೆಟ್ಟಾದರೆ ಧ್ವನಿ ಬೀಳುತ್ತದೆ. ಸ್ಕ್ವಾಮಸ್ ಕ್ಯಾನ್ಸರ್ ಆ ನರದ ಪಕ್ಕದ ಗ್ರಂಥಿಗಳಿಗೆ ಹರಡುವುದು ಸಾಮಾನ್ಯ. ಆ ಇಕ್ಕಟ್ಟಿನಲ್ಲಿ ಮಣಿಕಟ್ಟಿನ ಹಾಗೆ ತಿರುಗುವ ರೋಬೋಟ್‌ನ ಉಪಕರಣ ನೆಮ್ಮದಿ ಕೊಡುತ್ತದೆ. ರೋಗಿಗೆ? ಉಟ್ರೆಕ್ಟ್‌ನವರಿಗೆ ಅವರ ಊರಿನ ಅಧ್ಯಯನ ಗೊತ್ತಿರಬೇಕು.

ಉಟ್ರೆಕ್ಟ್‌ನಿಂದ:
ಗೊತ್ತು, ಗೊತ್ತು. ರೋಬೋಟ್ ಅಂತಲೇ ಅಧ್ಯಯನದ ಹೆಸರು, 2019. ತೊಡಕುಗಳು ರೋಬೋಟ್‌ನಲ್ಲಿ 59%, ತೆರೆದದ್ದರಲ್ಲಿ 80%. ಆದರೆ ಗಮನಿಸಿ, ಹೋಲಿಸಿದ್ದು ತೆರೆದ ಆಪರೇಷನ್ ಜೊತೆ. ಕೀಹೋಲ್ ಜೊತೆ ಅಲ್ಲ. ಪುಸ್ತಿಕೆಯಲ್ಲಿ ಈ ಅಂಕಿ ಹಾಕುವವರು ಆ ಸಾಲು ಬಿಟ್ಟುಬಿಡುತ್ತಾರೆ.

ಸಂಶಯಪ್ಪ:
ನಾನು ಹೇಳಿದ್ದೂ ಅದನ್ನೇ!! ಮಾರ್ಕೆಟಿಂಗ್!

ಎಲೆಅಡಿಕೆ_ಪ್ರಿಯ:
ಒಂದು ಅನುಮಾನ. ತೋಟದಮನೆ ಅಪ್ಪನವರು ಕವಳ ಹಾಕುತ್ತಿದ್ದರಾ? ಈಗ ಯಾವ ಡಾಕ್ಟರ್ ಹತ್ತಿರ ಹೋದರೂ ಅಡಿಕೆ ಮೇಲೇ ಗೂಬೆ ಕೂರಿಸುತ್ತಾರೆ. ನಮ್ಮ ಅಜ್ಜಿ ತೊಂಬತ್ತರ ತನಕ ಎಲೆ ಅಡಿಕೆ ಹಾಕಿಕೊಂಡು ಗಟ್ಟಿಯಾಗಿದ್ದರು.

ತೋಟದಮನೆ:
ಹಾಕುತ್ತಿದ್ದರು. ತಂಬಾಕು ಸೇರಿಸಿ. ಈಗ ಬಿಟ್ಟಿದ್ದಾರೆ.

ನರ್ಸಮ್ಮ_ಹುಬ್ಳಿ:
ಎಲ್ಲರ ಅಜ್ಜಿಯರೂ ತೊಂಬತ್ತು ದಾಟಿರುತ್ತಾರೆ ಈ ಕಟ್ಟೆಯಲ್ಲಿ.

ಉಟ್ರೆಕ್ಟ್‌ನಿಂದ:
ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕದ ಪಟ್ಟಿಗೆ ಸೇರಿಸಿದೆ. 2016ರಲ್ಲಿ 65 ಡಿಗ್ರಿಗಿಂತ ಬಿಸಿ ಇರುವ ಪಾನೀಯವನ್ನೂ ಅನುಮಾನದ ಪಟ್ಟಿಗೆ ಹಾಕಿತು. ಕಾಫಿ ತಪ್ಪಲ್ಲ, ಸುಡುವ ಕಾಫಿ ತಪ್ಪು.

ಎಲೆಅಡಿಕೆ_ಪ್ರಿಯ:
ನೆದರ್‌ಲ್ಯಾಂಡ್ಸ್‌ನಲ್ಲಿ ಕೂತು ಅಡಿಕೆ ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯುವುದು ಸುಲಭ. ನಿಮ್ಮ ಸಂಶೋಧನೆಯೆಲ್ಲ ಗುಟ್ಕಾ ತಿನ್ನುವವರ ಮೇಲೆ ಆಗಿದ್ದು. ಊಟ ಆದ ಮೇಲೆ ಒಂದು ಹೋಳು ಹಾಕುವುದಕ್ಕೂ ಅದಕ್ಕೂ ಏನು ಸಂಬಂಧ? ಬೆಲೆ ಇಳಿಸುವ ಹುನ್ನಾರ ಇದು.

ಲೆಕ್ಕಪತ್ರ:
ಅಣ್ಣಾ, ರಾಶಿ ಅಡಿಕೆ ರೇಟಿನ ಚರ್ಚೆ ಬೇರೆ ಕಡೆ ನಡೆಯುತ್ತಿದೆ, ಅಲ್ಲಿ ನಿನಗಾಗಿ ಕಾಯುತ್ತಿದ್ದಾರೆ.

ಕಟ್ಟೆ_ಕಾವಲು:
ಅಡಿಕೆ ಜಗಳ ಇಲ್ಲಿಗೆ ಸಾಕು. ಇನ್ನೂ ಆರು ಪೋಸ್ಟ್ ತೆಗೆದು ಬೇರೆ ಎಳೆಗೆ ಹಾಕಿದ್ದೇನೆ. ಮೂಲ ಪ್ರಶ್ನೆಗೆ ಬನ್ನಿ.

ಹೊಳೆದಂಡೆ:
ಈಗ ನನ್ನ ಸರದಿ. ಮನೆಯವರ ಕಥೆ ಅಲ್ಲ, ನನ್ನದೇ. ಗಡ್ಡೆ ಕೆಳಭಾಗದಲ್ಲಿತ್ತು, ಆಪರೇಷನ್ ಆಗಿ ಕೆಲವು ವರ್ಷ ಆಯಿತು, ಕೀಹೋಲ್‌ನಲ್ಲೇ. ಆಪರೇಷನ್ ಬಗ್ಗೆ ಎಲ್ಲರೂ ಮಾತಾಡುತ್ತೀರಿ, ಆಮೇಲಿನ ಬದುಕಿನ ಬಗ್ಗೆ ಯಾರೂ ಹೇಳುವುದಿಲ್ಲ.

ಜಠರ ಅನ್ನುವ ಚೀಲ ಇನ್ನಿರುವುದಿಲ್ಲ, ಕೊಳವೆ ಇರುತ್ತದೆ. ಒಂದು ಸಲಕ್ಕೆ ಅರ್ಧ ಚಪಾತಿ, ಎರಡು ಚಮಚ ಪಲ್ಯ. ಎರಡೆರಡು ಗಂಟೆಗೆ ತಿನ್ನುವುದೇ ಒಂದು ಉದ್ಯೋಗ. ಊಟದ ಜೊತೆ ನೀರು ಕುಡಿಯುವುದಿಲ್ಲ, ಅರ್ಧ ಗಂಟೆ ಬಿಟ್ಟು. ಸಿಹಿ ತಿಂದರೆ ಡಂಪಿಂಗ್ ಅಂತ ಒಂದು ಶುರುವಾಗುತ್ತದೆ, ತಿಂದದ್ದು ಸರ್ರನೆ ಕರುಳಿಗೆ ಇಳಿದು ಬಿಡುವುದು. ತಂಗಿಯ ಮಗನ ಮದುವೆಯಲ್ಲಿ ಎರಡು ಹೋಳಿಗೆ ತಿಂದೆ, ಮೇಲೆ ಪಾಯಸ. ಹತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ತಿರುವಿ ಭೇದಿ. ಛತ್ರದ ಅಡುಗೆಮನೆಯ ಹಿಂದೆ ಅಕ್ಕಿ ಮೂಟೆಯ ಮೇಲೆ ಮಲಗಿಸಿದ್ದರು. ಹಾರ್ಟ್ ಅಟ್ಯಾಕ್ ಅಂತ ಅರ್ಧ ಮದುವೆ ನನ್ನ ಸುತ್ತ ನಿಂತಿತ್ತು.

ರಾತ್ರಿ ಚಪ್ಪಟೆ ಮಲಗಿದರೆ ಪಿತ್ತ ಗಂಟಲಿಗೆ ಬರುತ್ತದೆ, ಕವಾಟ ಇಲ್ಲವಲ್ಲ. ತೂಕ ತುಂಬ ಇಳಿಯಿತು, ಆಮೇಲೆ ನಿಂತಿತು. ಬಿ12 ಇಂಜೆಕ್ಷನ್ ಈಗಲೂ ತೆಗೆದುಕೊಳ್ಳುತ್ತೇನೆ. ಇಷ್ಟೆಲ್ಲ ಹೇಳಿದರೂ, ಬೆಳಿಗ್ಗೆ ಹೊಳೆ ತನಕ ನಡೆದು ಬರುತ್ತೇನೆ, ಅಂಗಡಿ ಲೆಕ್ಕ ನೋಡುತ್ತೇನೆ. ದೋಸೆ ಇಳಿಯುತ್ತದೆ. ಅಪ್ಪನಿಗೆ ಅದನ್ನು ಹೇಳಿ.

ಸುಮ್ನೆಓದುಗ:
ಅರ್ಧ ಮದುವೆ 😂 ಕ್ಷಮಿಸಿ, ನಗಬಾರದು.

ಹೊಳೆದಂಡೆ:
ನಗಿ ಪರವಾಗಿಲ್ಲ. ಹುಡುಗಿ ಕಡೆಯವರು ಈಗಲೂ ನನ್ನನ್ನು ಹೋಳಿಗೆ ಮಾವ ಅಂತಲೇ ಕರೆಯುವುದು.

ತೋಟದಮನೆ:
ನಿಮ್ಮ ಪೋಸ್ಟ್ ಅಪ್ಪನಿಗೆ ಓದಿ ಹೇಳಿದೆ. "ದೋಸೆ ಇಳಿಯುತ್ತದೆ" ಅಂದಿದ್ದನ್ನು ಎರಡು ಸಲ ಓದಿಸಿದರು.

ಸೋರಿಕೆ ಅಂತ ಎಲ್ಲರೂ ಹೆದರಿಸುತ್ತಾರಲ್ಲ, ಅದು ಏನು? ಕೀಹೋಲ್‌ನಲ್ಲಿ ಕಡಿಮೆಯಾ?

ಕತ್ತರಿಕೈ:
ಇಲ್ಲ. ಸಣ್ಣ ತೂತಿನಿಂದ ಸೋರಿಕೆ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಜಠರದ ಕೊಳವೆಗೆ ರಕ್ತ ಬರುವುದು ಕೆಳಗಿನಿಂದ, ಒಂದೇ ದೊಡ್ಡ ರಕ್ತನಾಳದಿಂದ. ನಾವು ಹೊಲಿಯುವುದು ಮೇಲಿನ ತುದಿಯಲ್ಲಿ. ನಿಮಗೆ ಗೊತ್ತಿರುವ ಹಾಗೆ ಹೇಳುವುದಾದರೆ, ತೋಟದ ಕಾಲುವೆಯ ಕೊನೆಯ ಮರಕ್ಕೆ ನೀರು ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಆ ತುದಿಯಲ್ಲಿ ರಕ್ತ ಸಾಲದಿದ್ದರೆ ಹೊಲಿಗೆ ಕೂಡಿಕೊಳ್ಳುವುದಿಲ್ಲ, ಎಂಜಲು ಸೋರುತ್ತದೆ. ಈಗ ಹಸಿರು ಬಣ್ಣದ ದ್ರವವೊಂದನ್ನು ರಕ್ತನಾಳಕ್ಕೆ ಬಿಟ್ಟು, ವಿಶೇಷ ಕ್ಯಾಮೆರಾದಲ್ಲಿ ರಕ್ತ ಎಲ್ಲಿ ತನಕ ಮುಟ್ಟಿತು ಅಂತ ನೋಡಿ ಹೊಲಿಯುವವರಿದ್ದಾರೆ. ಕುತ್ತಿಗೆಯಲ್ಲಿ ಸೋರಿಕೆ ಜಾಸ್ತಿ ಆಗುತ್ತದೆ, ಆದರೆ ಎಷ್ಟೋ ಸಲ ಗಾಯ ತೆರೆದು ಬಿಟ್ಟರೆ ತಾನಾಗಿ ಮುಚ್ಚುತ್ತದೆ. ಎದೆಯೊಳಗೆ ಸೋರಿದರೆ ಜೀವಕ್ಕೆ ಸಂಚಕಾರ.

ರಾಗಿಮುದ್ದೆ:
ಅತ್ತೆಗೆ ಆಗಿದ್ದು ಇದೇ. ಎಲ್ಲ ಚೆನ್ನಾಗಿದೆ, ನಾಳೆ ಬಾಯಲ್ಲಿ ನೀರು ಕೊಡೋಣ ಅನ್ನುವ ಹೊತ್ತಿಗೆ ಕುತ್ತಿಗೆಯ ಬ್ಯಾಂಡೇಜ್ ಒದ್ದೆ. ಎಂಜಲು. ಒಂದೆರಡು ಹೊಲಿಗೆ ಬಿಚ್ಚಿ ದಿನಾ ಡ್ರೆಸ್ಸಿಂಗ್ ಮಾಡಿದರು, ಬಾಯಿಗೆ ಏನೂ ಇಲ್ಲ, ಎಲ್ಲ ಹೊಟ್ಟೆಯ ಟ್ಯೂಬಿನಲ್ಲೇ. ಮುಚ್ಚಿತು. ಆದರೆ ಮೊದಲೇ ಇಂಥದ್ದು ಆಗಬಹುದು ಅಂತ ನಮಗೆ ಒಬ್ಬರೂ ಕೂರಿಸಿ ಹೇಳಿರಲಿಲ್ಲ. ಆ ಆಸ್ಪತ್ರೆಯ ಹೆಸರು ಬೇಡ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಇತ್ತಂತೆ, ಇಂಗ್ಲಿಷಿನಲ್ಲಿ. ಸಿಟ್ಟು ಇನ್ನೂ ಇದೆ.

ನರ್ಸಮ್ಮ_ಹುಬ್ಳಿ:
ಟ್ಯೂಬಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಣ್ಣ ಕರುಳಿಗೆ ಒಂದು ಕಿರಿದಾದ ಟ್ಯೂಬ್ ಇಟ್ಟು ಕಳಿಸುತ್ತಾರೆ, ಮನೆಯಲ್ಲೂ ಸ್ವಲ್ಪ ಕಾಲ ಅದರಲ್ಲೇ ಊಟ. ರಾಗಿ ಗಂಜಿ ಹಾಕಬೇಡಿ ಅಂದರೂ ಹಾಕುತ್ತಾರೆ, ಪ್ರೀತಿಯಿಂದ. ಟ್ಯೂಬ್ ಕಟ್ಟುತ್ತದೆ. ಡಯಟೀಶಿಯನ್ ಹೇಳಿದ್ದು ಮಾತ್ರ. ಮಾತ್ರೆಯನ್ನು ಕುಟ್ಟಿ ಹಾಕುವ ಮುಂಚೆ ಫೋನ್ ಮಾಡಿ ಕೇಳಿ, ಕೆಲವನ್ನು ಕುಟ್ಟುವ ಹಾಗೇ ಇಲ್ಲ. ಪ್ರತಿ ಸಲ ಹಾಕುವ ಮುಂಚೆ, ಆದ ಮೇಲೆ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಬಿಡಿ. ಕಟ್ಟಿಕೊಂಡರೆ ತಂತಿ ತೂರಿಸಬೇಡಿ. ತೂರಿಸಿದವರನ್ನು ನೋಡಿದ್ದೇನೆ.

ಇನ್ನೊಂದು ಈಗಲೇ ಶುರು ಮಾಡಿ: ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಸ್ಪೈರೋಮೀಟರ್ ಅಂತ, ಮೆಡಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿ. ಊದುವುದಲ್ಲ, ಎಳೆಯುವುದು. ಎಲ್ಲರೂ ಮೊದಲು ಊದುತ್ತಾರೆ. ನಿಧಾನ ಎಳೆದು ಚೆಂಡನ್ನು ಮೇಲೆ ನಿಲ್ಲಿಸಬೇಕು. ಬೀಡಿ ಸಿಗರೇಟ್ ಇದ್ದರೆ ಇವತ್ತೇ ಬಂದ್.

ಇತಿಹಾಸಪೆಟ್ಟಿಗೆ:
ವಿಷಯಾಂತರ ಅನ್ನಬೇಡಿ. ಎದೆಯೊಳಗಿನ ಅನ್ನನಾಳದ ಕ್ಯಾನ್ಸರ್ ಅನ್ನು ಮೊದಲು ಯಶಸ್ವಿಯಾಗಿ ತೆಗೆದದ್ದು 1913ರಲ್ಲಿ, ನ್ಯೂಯಾರ್ಕ್‌ನಲ್ಲಿ, ಫ್ರಾಂಜ್ ಟೊರೆಕ್ ಅನ್ನುವ ಸರ್ಜನ್. ರೋಗಿ ಅರವತ್ತು ದಾಟಿದ ಹೆಂಗಸು. ಜಠರ ಮೇಲೆ ಎಳೆಯುವುದೆಲ್ಲ ಆಗ ಇರಲಿಲ್ಲ. ಕುತ್ತಿಗೆಯಲ್ಲಿ ಒಂದು ತೂತು, ಹೊಟ್ಟೆಯಲ್ಲಿ ಒಂದು ತೂತು, ನಡುವೆ ಮೈ ಹೊರಗಡೆ ರಬ್ಬರ್ ಟ್ಯೂಬ್. ಊಟದ ಹೊತ್ತಿಗೆ ಟ್ಯೂಬ್ ಸಿಕ್ಕಿಸಿಕೊಂಡು ಉಣ್ಣುತ್ತಿದ್ದರು. ಹತ್ತು ವರ್ಷಕ್ಕೂ ಮೇಲೆ ಬದುಕಿದರು.

ಸಂಶಯಪ್ಪ:
ಅದಕ್ಕೆ ಎಷ್ಟು ಲಕ್ಷ ಜಾಸ್ತಿ ತಗೊಂಡಿದ್ದರಂತೆ?

ಸುಮ್ನೆಓದುಗ:
ಸಂಶಯಪ್ಪ ಮೊದಲ ಸಲ ಜೋಕ್ ಮಾಡಿದರು, ದಿನಾಂಕ ಬರೆದಿಟ್ಟುಕೊಳ್ಳಿ.

ಮಂಗ್ಳೂರು_ಅಕ್ಕ:
ನನ್ನದೊಂದು ಪ್ರಶ್ನೆ. ಕೀಮೋ, ರೇಡಿಯೇಷನ್‌ನಲ್ಲೇ ಗಡ್ಡೆ ಪೂರ್ತಿ ಕರಗಿದರೆ ಆಪರೇಷನ್ ಯಾಕೆ? ನಮ್ಮ ಸಂಬಂಧಿಕರೊಬ್ಬರು ಸ್ಕ್ಯಾನ್ ಸ್ವಚ್ಛ ಬಂತು ಅಂತ ಆಪರೇಷನ್ ಬೇಡ ಅಂದುಬಿಟ್ಟರು.

ಉಟ್ರೆಕ್ಟ್‌ನಿಂದ:
ಇದು ಈಗ ಬಿಸಿ ಬಿಸಿ ಚರ್ಚೆ. 2012ರ ಕ್ರಾಸ್ ಅಧ್ಯಯನದಲ್ಲಿ, ಕೀಮೋ ರೇಡಿಯೇಷನ್ ಆಗಿ ಆಪರೇಷನ್ ಮಾಡಿದ ಸ್ಕ್ವಾಮಸ್ ರೋಗಿಗಳಲ್ಲಿ 49% ಜನರ ತೆಗೆದ ಅನ್ನನಾಳದಲ್ಲಿ ಕ್ಯಾನ್ಸರ್ ಕಣವೇ ಸಿಗಲಿಲ್ಲ. ಹಾಗಾದರೆ ಸುಮ್ನೆ ಯಾಕೆ ತೆಗೆದರು ಅನ್ನುವ ಪ್ರಶ್ನೆ ಹುಟ್ಟಿತು. ಅದಕ್ಕೆ ಸಾನೋ ಅಂತ ಇನ್ನೊಂದು ಅಧ್ಯಯನ ಇಲ್ಲೇ ಆಯಿತು. ಪೂರ್ತಿ ಕರಗಿದೆ ಅಂತ ಕಂಡವರನ್ನು ಆಪರೇಷನ್ ಮಾಡದೆ ಕಣ್ಣಿಟ್ಟು ಕಾದರು. ಎರಡು ವರ್ಷಕ್ಕೆ ಬದುಕಿದ್ದವರು ಕಾದವರಲ್ಲಿ 74%, ಆಪರೇಷನ್ ಆದವರಲ್ಲಿ 71%.

ಕತ್ತರಿಕೈ:
ಇಲ್ಲಿ ಒಂದು ಎಚ್ಚರ. ಅವರು ಕಾದದ್ದು ಅಂದರೆ ಮನೆಯಲ್ಲಿ ಕೂತದ್ದಲ್ಲ. ಪದೇ ಪದೇ ಎಂಡೋಸ್ಕೋಪಿ, ಒಂದೇ ಜಾಗದಿಂದ ಆಳವಾಗಿ ಮತ್ತೆ ಮತ್ತೆ ಬಯಾಪ್ಸಿ, ಅಲ್ಟ್ರಾಸೌಂಡ್, ಪೆಟ್. ಮರಳಿದ್ದು ಕಂಡ ಕೂಡಲೇ ಆಪರೇಷನ್. ಅಕ್ಕಾ, ನಿಮ್ಮ ಸಂಬಂಧಿಕರು ಒಂದು ಸ್ಕ್ಯಾನ್ ನೋಡಿ ಬಿಟ್ಟಿದ್ದರೆ ಅದು ಬೇರೆ ವಿಷಯ. ದಯವಿಟ್ಟು ವಾಪಸ್ ಕಳಿಸಿ. ಸ್ಕ್ಯಾನ್ ಸ್ವಚ್ಛ ಬಂದರೂ ಗೋಡೆಯೊಳಗೆ ಕಣ ಉಳಿದಿರಬಹುದು.

ಮಂಗ್ಳೂರು_ಅಕ್ಕ:
ಇವತ್ತೇ ಫೋನ್ ಮಾಡುತ್ತೇನೆ. ಧನ್ಯವಾದ ಡಾಕ್ಟ್ರೇ.

ತೋಟದಮನೆ:
ಎಲ್ಲರಿಗೂ ವರದಿ. ಮೂರೂ ಕಡೆ ಫೋನು, ಓಡಾಟ ಆಯಿತು. ನೀವು ಹೇಳಿಕೊಟ್ಟ ಪ್ರಶ್ನೆಗಳನ್ನೇ ಕೇಳಿದೆ.

ರೋಬೋಟ್ ಕಡೆಯವರು ವರ್ಷಕ್ಕೆ ಎಷ್ಟು ಅಂದರೆ ಯಂತ್ರದಲ್ಲಿ ನೂರಾರು ಆಗಿವೆ ಅಂದರು. ಅನ್ನನಾಳ ಎಷ್ಟು ಅಂತ ಮತ್ತೆ ಕೇಳಿದೆ. ಮಾತು ಪ್ರಾಸ್ಟೇಟ್ ಆಪರೇಷನ್ ಕಡೆ ಹೋಯಿತು. ಕೀಹೋಲ್‌ನವರು ನೇರವಾಗಿ ಹೇಳಿದರು: ತಿಂಗಳಿಗೆ ಮೂರು ನಾಲ್ಕು, ಸೋರಿಕೆ ಇಷ್ಟು, ಧ್ವನಿ ಬಿದ್ದವರು ಇಷ್ಟು, ಸತ್ತವರು ಇಷ್ಟು. ರಾತ್ರಿ ಐಸಿಯುನಲ್ಲಿ ಯಾರಿರುತ್ತಾರೆ ಅಂತಲೂ ಕೇಳಿದೆ, ಹೆಸರು ಸಮೇತ ಹೇಳಿದರು. ಆಶ್ಚರ್ಯ ಅಂದರೆ ಎದೆ ತೆರೆಯುವ ಹಿರಿಯ ಸರ್ಜನ್ ಕೂಡ ಲೆಕ್ಕ ಬರೆದಿಟ್ಟಿದ್ದರು. ಅವರದೂ ಚೆನ್ನಾಗಿಯೇ ಇತ್ತು. ಅಪ್ಪನ ಶ್ವಾಸಕೋಶ ನೋಡಿ ಅವರೇ, "ಬೀಡಿ ಸೇದಿದ ಎದೆ ಇದು, ನಿಮಗೆ ಕೀಹೋಲ್ ಒಳ್ಳೆಯದು, ಅಲ್ಲಿಗೇ ಹೋಗಿ" ಅಂದರು.

ಸಂಶಯಪ್ಪ:
ಆ ಹಿರಿಯರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ಡಾಕ್ಟರ್ ಸಿಗುವುದಿಲ್ಲ.

ಕತ್ತರಿಕೈ:
ಒಳ್ಳೆಯ ಆಯ್ಕೆ. ಇನ್ನೊಂದು ಕೇಳಿಕೊಳ್ಳಿ: ಮಧ್ಯದಲ್ಲಿ ಕೀಹೋಲ್ ಬಿಟ್ಟು ಎದೆ ತೆರೆಯಬೇಕಾಗಿ ಬಂದರೆ ಅವರಿಗೆ ಅದರ ಅಭ್ಯಾಸ ಇದೆಯಾ? ರೇಡಿಯೇಷನ್ ಆದ ಎದೆಯಲ್ಲಿ ಎಲ್ಲ ಅಂಟಿಕೊಂಡಿರುತ್ತದೆ, ಕೆಲವು ಸಲ ಬೇಕಾಗುತ್ತದೆ. ತೆರೆದರೆ ಸೋಲು ಅಂತ ನೀವೂ ಅಂದುಕೊಳ್ಳಬೇಡಿ.

ತೋಟದಮನೆ:
ಕೇಳುತ್ತೇನೆ. ಮುಂದಿನ ವಾರ ಅಡ್ಮಿಟ್. ಮೂರು ಚೆಂಡಿನ ಡಬ್ಬಿ ತಂದಿದ್ದೇವೆ. ಅಪ್ಪ ಎರಡು ಚೆಂಡು ಎತ್ತುತ್ತಾರೆ, ಮೂರನೆಯದು ಏಳುವುದಿಲ್ಲ.

ನರ್ಸಮ್ಮ_ಹುಬ್ಳಿ:
ಎರಡು ಎತ್ತಿ ಹಿಡಿದು ನಿಲ್ಲಿಸಿದರೆ ಸಾಕು, ಮೂರನೆಯದಕ್ಕೆ ಹಟ ಬೇಡ. ಗಂಟೆಗೊಮ್ಮೆ ಹತ್ತು ಸಲ. ನೇರ ಕೂತು ಮಾಡಲಿ, ಮಂಚದಲ್ಲಿ ಒರಗಿಕೊಂಡು ಅಲ್ಲ.

ಹೊಳೆದಂಡೆ:
ಮನೆಗೆ ಬಂದ ಮೇಲೆ ದಿಂಬು ಪೇರಿಸಬೇಡಿ, ರಾತ್ರಿ ಜಾರುತ್ತವೆ. ಮಂಚದ ತಲೆ ಕಡೆಯ ಕಾಲಿಗೆ ಮರದ ದಿಮ್ಮಿ ಕೊಡಿ. ತೋಟದ ಮನೆಯಲ್ಲವಾ, ದಿಮ್ಮಿಗೆ ಬರ ಇಲ್ಲ. ಅಡ್ಮಿಟ್ ಆದ ಮೇಲೆ ಇಲ್ಲಿ ಬರೆಯಿರಿ.